ಅತ್ತರಿನ ಹನಿಯ ಬೆನ್ನುಹತ್ತುವ ಕ್ರಮ

ಶಾರ್ಜಾದಲ್ಲಿರುವ ಮಗ ಕಳೆದ ಸಲ ರಜೆಯಲ್ಲಿ ಬಂದಾಗ ಹೆಂಡತಿಗೆಂದು ಮೂರು ಸೀಸೆ ಸುಗಂಧ ತಂದಿದ್ದ. ಸೊಸೆ ಆಗ ಏಳು ತಿಂಗಳ ಬಸುರಿ. ಸೀಸೆಗಳನ್ನು ಬಿಚ್ಚಲೂ ಇಲ್ಲ, ಬೇಡವೆನ್ನಲೂ ಇಲ್ಲ. ಕಪಾಟಿನ ಮೇಲಿನ ಅರೆಯಲ್ಲಿ ಸೀರೆಗಳ ಹಿಂದೆ ಇಟ್ಟುಬಿಟ್ಟಳು. ಮಗ ವಿಮಾನ ಹತ್ತಿದ ಮರುದಿನ, ನಾನು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾಗ ಬಂದು ಕೇಳಿದಳು: "ಅತ್ತೆ, ಅದರಲ್ಲಿ ಕೆಮಿಕಲ್ ಇರುತ್ತದಲ್ಲ, ಹಚ್ಚಿಕೊಂಡರೆ ಮಗುವಿಗೆ ಹೋಗುವುದಿಲ್ಲವೇ?"

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವನ್ನು ಸುರಿಯುತ್ತಿದ್ದರು. ಈ ಊರಿನ ಹೆಣ್ಣುಮಗಳು ಬಸುರಿಯಾಗಿ 'ಕೆಮಿಕಲ್' ಎಂದಾಗ "ಏನೂ ಆಗುವುದಿಲ್ಲ, ಸುಮ್ಮನಿರು" ಎಂದರೆ ಸೊಕ್ಕಾದೀತು. "ಹೌದು, ಎಲ್ಲವೂ ವಿಷ" ಎಂದರೆ ಸೋಮಾರಿತನ. ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು. "ಇರುತ್ತದೆ. ಸ್ವಲ್ಪ ಹೋಗಲೂಬಹುದು. ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಹೊತ್ತು ಎಂದು ನೋಡೋಣ, ಒಂದು ನೋಟ್‌ಬುಕ್ ತಾ" ಎಂದೆ.

ಊಟದ ಮೇಜಿನ ಮೇಲೆ ನಾಲ್ಕು ಸಂಜೆ ಕುಳಿತು ತುಂಬಿಸಿದ ಆ ನೋಟ್‌ಬುಕ್ಕಿನ ಕ್ರಮವನ್ನೇ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಮನೆಯ ಸೀಸೆಗೂ ಇದು ನಡೆಯುತ್ತದೆ. ನಾನು ವೈದ್ಯೆಯಲ್ಲ. ಸುಗಂಧದಿಂದ ಮೈಯಲ್ಲಿ ದದ್ದು ಏಳುವವರು, ಉಸಿರು ಕಟ್ಟುವವರು ನೋಟ್‌ಬುಕ್ ಬಿಟ್ಟು ಮೊದಲು ಆಸ್ಪತ್ರೆಗೆ ಹೋಗಬೇಕು.

ಮೊದಲ ಕೆಲಸ, ಇಡೀ ಸೀಸೆಯ ಹಿಂದೆ ಓಡದೆ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳುವುದು. ಒಂದು ಸೀಸೆಯಲ್ಲಿ ಹತ್ತಾರು ವಸ್ತುಗಳು ಸೇರಿರುತ್ತವೆ, ಒಂದೊಂದರ ಹಣೆಬರಹ ಒಂದೊಂದು. ಹಿಂಬದಿಯ ಸಣ್ಣಕ್ಷರ ಓದಲು ನಾನು ಭೂತಗನ್ನಡಿ ಹಿಡಿಯಬೇಕಾಯಿತು. ಆಲ್ಕೋಹಾಲ್, ಪರ್ಫ್ಯೂಮ್, ನೀರು. ಆಮೇಲೆ ಲಿನಲೂಲ್, ಲಿಮೊನೀನ್, ಕೌಮರಿನ್, ಬೆಂಜೈಲ್ ಬೆಂಜೋಯೇಟ್. ಈ ಕೊನೆಯ ಹೆಸರುಗಳನ್ನು ಕಂಪನಿಯವರು ಧಾರಾಳತನದಿಂದ ಹಾಕಿದ್ದಲ್ಲ. ಚರ್ಮಕ್ಕೆ ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳು ಒಂದು ಮಿತಿಗಿಂತ ಹೆಚ್ಚಿದ್ದರೆ ಹೆಸರು ಹಾಕಲೇಬೇಕೆಂದು ಯುರೋಪಿನ ಒಕ್ಕೂಟ 2003ರಲ್ಲಿ ನಿಯಮ ಮಾಡಿತು, ಅದರ ಫಲ ಇದು. ಉಳಿದದ್ದೆಲ್ಲ 'ಪರ್ಫ್ಯೂಮ್' ಎಂಬ ಒಂದೇ ಪದದ ಕೆಳಗೆ ಅವಿತು ಕುಳಿತಿರುತ್ತದೆ.

ನಾವು ಆರಿಸಿದ್ದು ಹಾಗೆ ಅವಿತ ಒಂದನ್ನು: ಬೆಂಜೈಲ್ ಅಸಿಟೇಟ್. ಮಲ್ಲಿಗೆ, ಜಾಜಿಗಳ ಪರಿಮಳದ ಮುಖ್ಯ ಪಾಲುದಾರ ಅದು. ಕಾಸರಗೋಡು ಪೇಟೆಯಲ್ಲಿ ಅತ್ತರು ಮಾರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನಲ್ಲಿಗೆ ಹೋಗಿ ಮಲ್ಲಿಗೆ ಅತ್ತರು ಕೇಳಿದೆ. ಪುಟ್ಟ ಸೀಸೆಯನ್ನು ಕೈಗಿತ್ತು, "ಟೀಚರ್, ನಿಮ್ಮಲ್ಲಿ ಸುಳ್ಳು ಹೇಳುವುದಿಲ್ಲ. ಇದು ಕಾಂಪೌಂಡ್. ನಿಜವಾದ ಹೂವಿನದು ಈ ಬೆಲೆಗೆ ಬರುವುದಿಲ್ಲ" ಎಂದ. ನನಗೆ ಬೇಕಾದದ್ದೂ ಅದೇ ಆಗಿತ್ತು. ಎಂಟುನೂರು ಮೊಗ್ಗಿನ ಒಂದು ಚೆಂಡು ಮಲ್ಲಿಗೆಯಿಂದ ಬಂದ ಬೆಂಜೈಲ್ ಅಸಿಟೇಟಿಗೂ ಕಾರ್ಖಾನೆಯ ಪೀಪಾಯಿಯಿಂದ ಬಂದದ್ದಕ್ಕೂ ಯಕೃತ್ತು ಭೇದ ಮಾಡುವುದಿಲ್ಲ. ಹೂವಿನದೋ ಕೆಮಿಕಲ್ಲೋ ಎಂಬ ಪ್ರಶ್ನೆಯನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗಿ.

ಆರಿಸಿದ ವಸ್ತುವಿನ ಕ್ಯಾಸ್ ಸಂಖ್ಯೆ ಎಂಬ ಗುರುತಿನ ಸಂಖ್ಯೆಯನ್ನು ಬರೆದುಕೊಳ್ಳಿ. ಹೆಸರುಗಳು ಹತ್ತಾರು ಇರಬಹುದು, ಸಂಖ್ಯೆ ಒಂದೇ. ಬೆಂಜೈಲ್ ಅಸಿಟೇಟಿನದು 140-11-4. ಅಮೆರಿಕ ಸರ್ಕಾರ ಉಚಿತವಾಗಿ ನಡೆಸುವ ಪಬ್‌ಕೆಮ್ ಎಂಬ ಕೋಶದಲ್ಲಿ ಮೊಬೈಲಿನಿಂದಲೇ ಆ ಸಂಖ್ಯೆ ಹಾಕಿ ಹುಡುಕಿದರೆ ಪುಟ ತೆರೆಯುತ್ತದೆ. ಗಾಬರಿ ಹುಟ್ಟಿಸುವಷ್ಟು ಮಾಹಿತಿ ಇರುತ್ತದೆ. ನಮಗೆ ಬೇಕಾದದ್ದು ಮೂರೇ: ಅಣುತೂಕ, ಎಣ್ಣೆಯ ಒಲವು ಎಷ್ಟೆಂದು ಹೇಳುವ ಲಾಗ್ ಪಿ ಎಂಬ ಅಂಕೆ, ಅಣುವಿನ ಚಿತ್ರ.

ಈಗ ಬಾಗಿಲುಗಳು. ಸುಗಂಧ ಒಳಗೆ ಬರುವ ದಾರಿ ಮೂರು: ಉಸಿರು, ಚರ್ಮ, ಬಾಯಿ. ಬಾಯಿಯಿಂದ ಹೋದದ್ದು ಕರುಳಿನಲ್ಲಿ ಹೀರಿಕೆಯಾಗಿ ಮೊದಲು ಯಕೃತ್ತಿನ ಮುಂದೆ ನಿಲ್ಲಬೇಕು, ತಲಪಾಡಿ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತ ಹಾಗೆ. ಉಸಿರಿನಿಂದ, ಚರ್ಮದಿಂದ ಹೋದದ್ದು ಒಳದಾರಿ ಹಿಡಿದ ಲಾರಿ. ರಕ್ತದಲ್ಲಿ ಇಡೀ ಮೈಗೆ ಒಂದು ಸುತ್ತು ಹಾಕುತ್ತಲೇ ಅದು ಯಕೃತ್ತನ್ನು ಮುಟ್ಟುತ್ತದೆ. "ತಿಂದರೆ ಇಷ್ಟು ಸುರಕ್ಷಿತ" ಎಂಬ ಲೆಕ್ಕವನ್ನು ಹಚ್ಚಿಕೊಳ್ಳುವುದಕ್ಕೆ ಹಾಗೆಯೇ ಎತ್ತಿಡಬಾರದು ಎನ್ನುವುದು ಇದಕ್ಕೇ.

ಚರ್ಮದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಸೊಸೆಯ ಪ್ರಶ್ನೆ ಇದ್ದದ್ದೂ ಅಲ್ಲಿಯೇ. ಚರ್ಮದ ತೀರಾ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಅದರ ದಪ್ಪ, ಮೈಯ ಬಹುಪಾಲು ಕಡೆ, 10ರಿಂದ 20 ಮೈಕ್ರೋಮೀಟರ್, ಕೂದಲೆಳೆಗಿಂತ ತೆಳು. ನಮ್ಮ ಕಡೆಯ ಮುರಕಲ್ಲಿನ ಗೋಡೆಯನ್ನು ನೆನೆಸಿಕೊಳ್ಳಿ: ಜೀವಕೋಶಗಳು ಕಲ್ಲು, ನಡುವಿನ ಗಾರೆ ಕೊಬ್ಬು. ನೀರು ಈ ಗಾರೆಯಲ್ಲಿ ಸುಲಭಕ್ಕೆ ಇಳಿಯದು, ಎಣ್ಣೆಗೆ ಒಲಿಯುವ ಸಣ್ಣ ಅಣು ಇಳಿಯುತ್ತದೆ. ಅಣುತೂಕ 500 ದಾಟಿದರೆ ನುಸುಳುವುದು ಕಷ್ಟ ಎಂಬುದು ಚರ್ಮ ತಜ್ಞರು ಬಳಸುವ ಒಂದು ಅಂದಾಜು. ಬೆಂಜೈಲ್ ಅಸಿಟೇಟಿನ ತೂಕ 150. ಸಲೀಸಾಗಿ ನುಸುಳುತ್ತದೆ.

ಆದರೆ ನುಸುಳುವ ಮುಂಚೆ ಹಾರಿಹೋಗುವುದೂ ಅದರ ಗುಣ. ಇದನ್ನು ಪರೀಕ್ಷಿಸಲು ಹಳೆಯ ಲಗ್ನಪತ್ರಿಕೆಯಿಂದ ಎರಡು ಪಟ್ಟಿ ಕತ್ತರಿಸಿ, ಎರಡಕ್ಕೂ ಅತ್ತರಿನ ಒಂದೊಂದು ಹನಿ ಬಿಟ್ಟೆವು. ಒಂದನ್ನು ಕಿಟಕಿಯ ದಂಡೆಯಲ್ಲಿ ತೆರೆದಿಟ್ಟೆವು, ಇನ್ನೊಂದರ ಮೇಲೆ ಸ್ಟೀಲ್ ಡಬ್ಬ ಕವುಚಿದೆವು. ಬೆಳಗ್ಗೆ ಎಂಟಕ್ಕೆ ಇಟ್ಟದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ತೆರೆದ ಪಟ್ಟಿಯಲ್ಲಿ ಹೂವಿನ ಮೊದಲ ಚುರುಕು ಹೋಗಿ, ಮರದ ಹುಡಿಯಂಥ ಮಂದ ವಾಸನೆ ಮಾತ್ರ ಉಳಿದಿತ್ತು. ಡಬ್ಬದ ಕೆಳಗಿನದು ಆಗ ತಾನೇ ಹಾಕಿದಂತಿತ್ತು. ತೆರೆದ ಮಣಿಕಟ್ಟಿಗೂ, ರವಿಕೆಯ ಒಳಗೆ ಕಂಕುಳಿಗೂ ಹಚ್ಚುವುದರ ವ್ಯತ್ಯಾಸ ಇದೇ. ಮುಚ್ಚಿದ ಜಾಗದಲ್ಲಿ ಅದು ಹಾರುವುದಿಲ್ಲ, ಒಳಗೇ ಇಳಿಯುತ್ತದೆ. ಬಿಸಿನೀರಿನ ಸ್ನಾನದಿಂದ ಮೆದುವಾದ, ಆಗಷ್ಟೇ ಕ್ಷೌರ ಮಾಡಿದ, ಅಥವಾ ಗಾಯವಾದ ಚರ್ಮದಲ್ಲಿ ಇನ್ನೂ ಹೆಚ್ಚು. ಸೊಸೆ ಅಂದೇ ಬರೆದುಕೊಂಡಳು: ಹಚ್ಚುವುದಾದರೆ ಸೆರಗಿಗೆ, ಮೈಗಲ್ಲ.

ಎರಡನೆಯ ಪ್ರಯೋಗ ಅಡುಗೆಮನೆಯಲ್ಲಿ. ಖಾಲಿಯಾದ ಕೆಮ್ಮಿನ ಔಷಧದ ಸೀಸೆಯನ್ನು ಚೆನ್ನಾಗಿ ತೊಳೆದು, ಅರ್ಧ ನೀರು, ಅದರ ಮೇಲೆ ಎರಡು ಚಮಚ ತೆಂಗಿನೆಣ್ಣೆ, ಒಂದು ಹನಿ ಅತ್ತರು ಹಾಕಿ. ಬಿರಡೆ ಬಿಗಿದು ನೂರು ಸಲ ಕುಲುಕಿ, ಒಂದು ಗಂಟೆ ಬಿಡಿ. ಮಗುವಿಗೆ ಔಷಧ ಹನಿಸುವ ಪಿಪೆಟ್ಟಿನಿಂದ ತಳದ ನೀರನ್ನು ಎಳೆದು ಒಂದು ಹತ್ತಿಯುಂಡೆಗೆ, ಮೇಲಿನ ಎಣ್ಣೆಯನ್ನು ಇನ್ನೊಂದಕ್ಕೆ ಬಿಡಿ. ಕಣ್ಣು ಮುಚ್ಚಿ ಮೂಸಿ. ಬಸುರಿಯ ಮೂಗಿನ ಮುಂದೆ ಯಾವ ಪ್ರಯೋಗಾಲಯದ ಯಂತ್ರ! ಸೊಸೆ ಎಣ್ಣೆಯ ಹತ್ತಿಯನ್ನು ಮೂಸಿ ಮುಖ ತಿರುಗಿಸಿದಳು, ನೀರಿನ ಹತ್ತಿಯಲ್ಲಿ "ಇದೆ, ಆದರೆ ದೂರದಲ್ಲಿ" ಎಂದಳು.

ಲಾಗ್ ಪಿ ಎಂದರೆ ಇಷ್ಟೇ, ಮೂಗಿನ ಬದಲು ಅಂಕೆಯಲ್ಲಿ. ಎಣ್ಣೆಯಂಥ ದ್ರಾವಕ ಮತ್ತು ನೀರು ಎರಡನ್ನೂ ಎದುರಿಗಿಟ್ಟರೆ ಅಣು ಯಾವುದಕ್ಕೆ ಎಷ್ಟು ಒಲಿಯುತ್ತದೆ ಎಂಬ ಲೆಕ್ಕ. ಬೆಂಜೈಲ್ ಅಸಿಟೇಟಿಗೆ ಅದು ಸುಮಾರು 2, ಎಂದರೆ ನೀರಿನಲ್ಲಿ ಒಂದಿದ್ದರೆ ಎಣ್ಣೆಯಲ್ಲಿ ನೂರು. ಅಂಕೆ ಒಂದೊಂದು ಏರಿದಾಗಲೂ ಹತ್ತು ಪಟ್ಟು. ಗ್ಯಾಲಕ್ಸೊಲೈಡ್ ಎಂಬ ಕೃತಕ ಕಸ್ತೂರಿಗೆ ಅದು 6ರ ಹತ್ತಿರ: ಒಂದಕ್ಕೆ ಲಕ್ಷಗಟ್ಟಲೆ. ಮಗ ತಂದ ಮೂರನೆಯ ಸೀಸೆ ಬಿಳಿ ಕಸ್ತೂರಿಯದ್ದು. ಅದನ್ನೂ ಹೀಗೆಯೇ ಕುಲುಕಿದಾಗ ನೀರಿನ ಹತ್ತಿಯಲ್ಲಿ ಸೊಸೆಗೆ ಏನೂ ಸಿಗಲಿಲ್ಲ. ನನಗಂತೂ ಎಣ್ಣೆಯದರಲ್ಲೂ ಸಿಗಲಿಲ್ಲ. ಕೆಲವು ಕಸ್ತೂರಿಗಳ ವಾಸನೆ ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಅದು ಮುಪ್ಪಿನ ದೋಷವಲ್ಲ ಎಂದು ಅವಳಿಗೆ ಎರಡು ಸಲ ಹೇಳಿದೆ.

ಒಳಗೆ ಹೋದದ್ದು ಹೊರಗೆ ಬರಬೇಕಲ್ಲ. ಮೂತ್ರಪಿಂಡ ನೀರಿನ ವ್ಯವಹಾರದ ಅಂಗ. ಎಣ್ಣೆಗೆ ಒಲಿದ ಅಣುವನ್ನು ಅದು ಸೋಸಿದರೂ ಅಣು ನಳಿಕೆಯ ಗೋಡೆ ದಾಟಿ ರಕ್ತಕ್ಕೇ ವಾಪಸಾಗುತ್ತದೆ. ಎಣ್ಣೆಸ್ನಾನದ ದಿನ ಬರೀ ನೀರು ಎಷ್ಟು ಸುರಿದರೂ ಎಣ್ಣೆ ಬಿಡದೆ ಸೀಗೆಪುಡಿ ಬೇಕಾಗುವಂತೆ, ಮೈಯೂ ಆ ಅಣುವನ್ನು ನೀರಿಗೆ ಒಪ್ಪಿಸಲು ಏನಾದರೂ ಮಾಡಬೇಕು. ಸೀಗೆಯಾದರೆ ಎಣ್ಣೆಯನ್ನು ಹಾಗೆಯೇ ಎತ್ತಿಕೊಂಡು ಹೋಗುತ್ತದೆ. ಮೈ ಅಣುವನ್ನೇ ಮುರಿಯುತ್ತದೆ, ಮತ್ತೆ ಬೇರೆಯದನ್ನು ಅಂಟಿಸುತ್ತದೆ. ಮುರಿಯಲು ಅಂಟಿಸಲು ಅಣುವಿಗೊಂದು ಹಿಡಿಕೆ ಬೇಕು. ನೋಟ್‌ಬುಕ್ಕಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದ ಸಾಲು ಇದೊಂದೇ: ಹಿಡಿಕೆ ಎಲ್ಲಿದೆ?

ಬೆಂಜೈಲ್ ಅಸಿಟೇಟಿನ ಚಿತ್ರ ನೋಡಿ. ಒಂದು ಷಟ್ಕೋನದ ಉಂಗುರ, ಅದಕ್ಕೊಂದು ಬಾಲ. ಬಾಲದ ನಡುವೆ ಎಸ್ಟರ್ ಬಂಧ ಎಂಬ ಕೊಂಡಿ, ಅದೇ ಹಿಡಿಕೆ. ನಮ್ಮ ಚರ್ಮದಲ್ಲಿ, ರಕ್ತದಲ್ಲಿ, ಯಕೃತ್ತಿನಲ್ಲಿ ಎಸ್ಟರೇಸ್ ಎಂಬ ಕಿಣ್ವಗಳು ಎಲ್ಲೆಲ್ಲೂ ಕಾದು ಕುಳಿತಿರುತ್ತವೆ. ಅವು ಆ ಬಂಧವನ್ನು ಕತ್ತರಿಸಿದರೆ ಎರಡು ತುಂಡು: ಒಂದು ಅಸಿಟಿಕ್ ಆಮ್ಲ, ಅಡುಗೆಯ ವಿನೆಗರಿನಲ್ಲಿರುವುದೇ. ಇನ್ನೊಂದು ಬೆಂಜೈಲ್ ಆಲ್ಕೋಹಾಲ್. ಈ ಎರಡನೆಯದನ್ನು ಮುಂದಕ್ಕೆ ಸಾಗಿಸುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್, ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಎರಡು ಕಿಣ್ವಕುಟುಂಬಗಳು ಕಳ್ಳು ಕುಡಿದವನ ಯಕೃತ್ತಿನಲ್ಲಿ ರಾತ್ರಿಪಾಳಿ ಮಾಡುವವೇ. ಆಲ್ಕೋಹಾಲು ಬೆಂಜಾಲ್ಡಿಹೈಡ್ ಆಗುತ್ತದೆ, ಅದು ಬೆಂಜೋಯಿಕ್ ಆಮ್ಲವಾಗುತ್ತದೆ. ಇದರ ಸೋಡಿಯಂ ಲವಣ ಉಪ್ಪಿನಕಾಯಿ, ಹಣ್ಣಿನ ಪಾನೀಯಗಳು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್. ಮಲ್ಲಿಗೆ ಅತ್ತರು ಹಚ್ಚಿದವಳ ಯಕೃತ್ತಿನಲ್ಲಿ ಉಪ್ಪಿನಕಾಯಿಯ ಸಾಮಾನು! ಸೊಸೆ ನಕ್ಕಿದ್ದು ಆ ಸಂಜೆ ಅದೊಂದೇ ಸಲ.

ಮುಂದಿನದು ನನಗೆ ಅತಿ ಪ್ರಿಯವಾದ ಹೆಜ್ಜೆ. ಯಕೃತ್ತಿನ ಜೀವಕೋಶಗಳ ಮೈಟೋಕಾಂಡ್ರಿಯಾದಲ್ಲಿ ಬೆಂಜೋಯಿಕ್ ಆಮ್ಲಕ್ಕೆ ಗ್ಲೈಸೀನ್ ಎಂಬ ಪುಟ್ಟ ಅಮೈನೋ ಆಮ್ಲವನ್ನು ಅಂಟಿಸಲಾಗುತ್ತದೆ. ಆಗ ಹುಟ್ಟುವುದೇ ಹಿಪ್ಪೂರಿಕ್ ಆಮ್ಲ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಎಂದರೆ ಕುದುರೆ. ಕುದುರೆಯ ಮೂತ್ರದಲ್ಲಿ ಸಿಕ್ಕಿದ್ದರಿಂದ ಜರ್ಮನಿಯ ರಸಾಯನಜ್ಞ ಲೀಬಿಗ್ 1829ರಲ್ಲಿ ಈ ಹೆಸರಿಟ್ಟರು. 1842ರಲ್ಲಿ ಇನ್ನೊಬ್ಬ ರಸಾಯನಜ್ಞ ವೋಲರ್ ಅವರ ಬಳಿ ಇದ್ದ ಕೆಲ್ಲರ್ ಎಂಬವರು ತಾವೇ ಬೆಂಜೋಯಿಕ್ ಆಮ್ಲ ನುಂಗಿ, ತಮ್ಮ ಮೂತ್ರದಲ್ಲಿ ಹಿಪ್ಪೂರಿಕ್ ಆಮ್ಲವನ್ನು ಹಿಡಿದು ತೋರಿಸಿದರು. ಹೊರಗಿನ ವಸ್ತುವಿಗೆ ಮೈ ತನ್ನದೊಂದು ತುಂಡನ್ನು ಅಂಟಿಸಿ ಸಾಗಹಾಕುತ್ತದೆ ಎಂಬುದು ಜನರಿಗೆ ತಿಳಿದದ್ದು ಹೀಗೆ. ಹಿಪ್ಪೂರಿಕ್ ಆಮ್ಲವನ್ನು ಮೂತ್ರಪಿಂಡ ಸೋಸಿ ಸುಮ್ಮನಾಗುವುದಿಲ್ಲ, ರಕ್ತದಿಂದ ಎಳೆದೆಳೆದು ನಳಿಕೆಗೆ ತಳ್ಳುತ್ತದೆ.

ಎಷ್ಟು ಬೇಗ? ಅದಕ್ಕೆ ಹಳೆಯದೊಂದು ಪರೀಕ್ಷೆಯೇ ಇತ್ತು. 1933ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಎಂಬ ವೈದ್ಯರು ಯಕೃತ್ತಿನ ಆರೋಗ್ಯ ನೋಡಲು ರೋಗಿಗೆ ಸುಮಾರು 6 ಗ್ರಾಂ ಸೋಡಿಯಂ ಬೆಂಜೋಯೇಟ್ ಕುಡಿಸಿ, ನಾಲ್ಕು ಗಂಟೆಯ ಮೂತ್ರವನ್ನು ಕೂಡಿಡಿಸುತ್ತಿದ್ದರು. ಆರೋಗ್ಯವಂತರಲ್ಲಿ ಅಷ್ಟರೊಳಗೆ ಅರ್ಧದಷ್ಟಾದರೂ ಹಿಪ್ಪೂರಿಕ್ ಆಗಿ ಹೊರಬೀಳುತ್ತಿತ್ತು. ಗ್ರಾಂಗಟ್ಟಲೆ ಕೊಟ್ಟಾಗಲೇ ಹೀಗೆ. ಇಲಿಗಳಿಗೆ ಬೆಂಜೈಲ್ ಅಸಿಟೇಟನ್ನೇ ಕೊಟ್ಟು ನೋಡಿದಾಗ ಒಂದು ದಿನದೊಳಗೆ ಸುಮಾರು ಶೇಕಡಾ 90ರಷ್ಟು ಮೂತ್ರದಲ್ಲಿ ಸಿಕ್ಕಿದೆ, ಹೆಚ್ಚಿನದೂ ಹಿಪ್ಪೂರಿಕ್ ರೂಪದಲ್ಲಿ.

ಈಗ ಪೆನ್ಸಿಲು ಹಿಡಿದು ಲೆಕ್ಕ. ಅತ್ತರಿನ ಒಂದು ಹನಿ 30 ಮಿಲಿಗ್ರಾಂ ಎಂದುಕೊಳ್ಳಿ. ಅದರಲ್ಲಿ ಐದನೇ ಒಂದು ಪಾಲು ಬೆಂಜೈಲ್ ಅಸಿಟೇಟ್ ಎಂದುಕೊಂಡರೆ 6 ಮಿಲಿಗ್ರಾಂ. ಅರ್ಧ ಹಾರಿ ಅರ್ಧ ಒಳಗಿಳಿದರೆ 3. ಅಣುತೂಕಗಳ ಪ್ರಮಾಣದಲ್ಲಿ, 150ಕ್ಕೆ 179ರಂತೆ, ಈ ಮೂರು ಮಿಲಿಗ್ರಾಂ ಕೊನೆಗೆ ಸುಮಾರು ಮೂರೂವರೆ ಮಿಲಿಗ್ರಾಂ ಹಿಪ್ಪೂರಿಕ್ ಆಮ್ಲವಾಗುತ್ತದೆ. ಅತ್ತರು ಮುಟ್ಟದವರ ಮೂತ್ರದಲ್ಲೂ ದಿನಕ್ಕೆ ನೂರಾರು ಮಿಲಿಗ್ರಾಂ ಹಿಪ್ಪೂರಿಕ್ ಇರುತ್ತದೆ, ಚಹಾ, ಕಾಫಿ, ಹಣ್ಣುಗಳ ದೆಸೆಯಿಂದ. "ಹಾಗಾದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರೆ?" ಎಂದಳು ಸೊಸೆ. ದುಡ್ಡು ದಂಡ. ಮಲ್ಲಿಗೆಯದು ಯಾವುದು, ಬೆಳಗಿನ ಕಾಫಿಯದು ಯಾವುದು ಎಂದು ಲ್ಯಾಬಿನವರು ಹೇಳಲಾರರು.

ಮಿತಿಯನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಆಹಾರದ ರುಚಿವಸ್ತುಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಮಿತಿ ಬೆಂಜೋಯಿಕ್ ಕುಟುಂಬಕ್ಕೆಲ್ಲ ಸೇರಿಸಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂವರೆಗೆ ಎಂದು ಬಹುಕಾಲ ಇಟ್ಟಿತ್ತು, 2021ರಲ್ಲಿ ಅದನ್ನು 20ಕ್ಕೆ ಏರಿಸಿತು. ನಾನು ಹಳೆಯ ಬಿಗಿ ಅಂಕೆಯನ್ನೇ ಹಿಡಿದೆ. 55 ಕಿಲೋ ತೂಕದವಳಿಗೆ ದಿನಕ್ಕೆ 275 ಮಿಲಿಗ್ರಾಂ. ನಮ್ಮ ಹನಿಯದು ಬೆಂಜೋಯಿಕ್ ಲೆಕ್ಕದಲ್ಲಿ ಎರಡೂವರೆ ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ. ಇದು ತಿನ್ನುವ ಮಿತಿ, ಹಚ್ಚುವುದಲ್ಲ ಎಂದು ಆಗಲೇ ಹೇಳಿದ್ದೇನೆ. ಅಂತರ ನೂರು ಪಟ್ಟಿಗಿಂತ ಹೆಚ್ಚಿರುವಾಗ ಅಷ್ಟರಿಂದ ತೀರ್ಮಾನ ಬದಲಾಗುವುದಿಲ್ಲ.

ಇದೇ ಹಿಡಿಕೆಯ ಪ್ರಶ್ನೆಯನ್ನು ಕರ್ಪೂರಕ್ಕೆ ಕೇಳಿ. ಅಣುತೂಕ 152, ಎಣ್ಣೆಯ ಒಲವೂ ಮಲ್ಲಿಗೆಯಷ್ಟೇ. ಅಂಕೆಗಳಲ್ಲಿ ಅಣ್ಣತಮ್ಮಂದಿರು. ಆದರೆ ಚಿತ್ರದಲ್ಲಿ ಎಸ್ಟರ್ ಇಲ್ಲ, ಥಟ್ಟನೆ ಕತ್ತರಿಸುವ ಜಾಗವಿಲ್ಲ. ಯಕೃತ್ತು ಮೊದಲು ಅದರ ಮೇಲೊಂದು ಆಮ್ಲಜನಕವನ್ನು ಕೂರಿಸಿ ಹಿಡಿಕೆ ಮಾಡಿಕೊಳ್ಳಬೇಕು, ಆಮೇಲೆ ಅದಕ್ಕೆ ಸಕ್ಕರೆಯ ನಂಟಿನ ಗ್ಲೂಕುರೋನಿಕ್ ಆಮ್ಲ ಅಂಟಿಸಬೇಕು. ಗ್ಲೂಕುರೋನಿಕ್ ಆಮ್ಲ ಮೊದಲು ಪತ್ತೆಯಾದದ್ದೇ ಕರ್ಪೂರ ತಿನ್ನಿಸಿದ ನಾಯಿಗಳ ಮೂತ್ರದಲ್ಲಿ, 1879ರಲ್ಲಿ, ಶ್ಮೀಡೆಬರ್ಗ್ ಮತ್ತು ಮೇಯರ್ ಅವರಿಂದ. ಅಂದರೆ ಮೈ ಕರ್ಪೂರವನ್ನೂ ಕಳಿಸುತ್ತದೆ. ಆದರೆ ಅಷ್ಟರೊಳಗೆ ಅದು ಮೆದುಳನ್ನು ಮುಟ್ಟಿರುತ್ತದೆ. ಒಂದು ಗ್ರಾಂ ಆಸುಪಾಸಿನ ಕರ್ಪೂರ ನುಂಗಿದರೆ ಸಣ್ಣ ಮಗುವಿಗೆ ಅಪಸ್ಮಾರದಂತೆ ಸೆಳೆತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಶೀತವಾದ ಹಸುಳೆಯ ಎದೆಗೆ ಕರ್ಪೂರ ಕಾಯಿಸಿದ ತೆಂಗಿನೆಣ್ಣೆ ತಿಕ್ಕುವುದು ನಮ್ಮ ಮನೆಗಳಲ್ಲಿ ಮಾಮೂಲು. ನನ್ನ ಮಗನಿಗೂ ನಾನು ತಿಕ್ಕಿದ್ದೇನೆ. ಮೊಮ್ಮಗುವಿಗೆ ತಿಕ್ಕುವುದಿಲ್ಲ. ಕರ್ಪೂರದ ಡಬ್ಬಿ ಈಗ ದೇವರ ಕೋಣೆಯಲ್ಲಿ ಮೇಲಿನ ಗೂಡಿಗೆ ಏರಿದೆ. ಸೀಸೆಯ ಸುಗಂಧಕ್ಕೆ ಹೆದರುವ ಮನೆಗಳಲ್ಲಿ ನೆಲದ ಮಟ್ಟದಲ್ಲಿ ಕರ್ಪೂರದ ಡಬ್ಬಿ ಇಟ್ಟಿರುವುದನ್ನು ಕಂಡಾಗ ನನ್ನ ನಾಲಿಗೆ ಸುಮ್ಮನಿರುವುದಿಲ್ಲ.

ಮೂರನೆಯ ಸೀಸೆಗೆ ಬರುತ್ತೇನೆ. ಕೃತಕ ಕಸ್ತೂರಿಯ ಕಥೆ ಸಿಡಿಮದ್ದಿನಿಂದ ಶುರುವಾಗುತ್ತದೆ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಜ್ಞ ಟಿಎನ್‌ಟಿಯಂಥ ಸ್ಫೋಟಕಗಳ ಮೇಲೆ ಕೆಲಸ ಮಾಡುವಾಗ ಕಸ್ತೂರಿಯ ವಾಸನೆಯ ವಸ್ತುವೊಂದು ಸಿಕ್ಕಿತು. ಆ ಮನೆತನದ ಮಸ್ಕ್ ಝೈಲೀನ್ ಎಂಬುದು ದಶಕಗಳ ಕಾಲ ಸಾಬೂನು, ಬಟ್ಟೆ ತೊಳೆಯುವ ಪುಡಿಗಳಲ್ಲೆಲ್ಲ ಇತ್ತು. ಅದಕ್ಕೆ ಮೈ ಸುಲಭವಾಗಿ ಹಿಡಿಯಬಲ್ಲ ಹಿಡಿಕೆಯಿಲ್ಲ, ಕೊಬ್ಬಿನ ಒಲವು ವಿಪರೀತ. ಮನುಷ್ಯರಲ್ಲಿ ಅದರ ಅರ್ಧಾಯು, ಎಂದರೆ ಮೈಯಲ್ಲಿದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು ಎಪ್ಪತ್ತು ದಿನ ಎಂದು ಅಳೆದಿದ್ದಾರೆ.

ಅರ್ಧಾಯುವಿನ ಲೆಕ್ಕ ಮಾಡುವುದು ಹೀಗೆ: 100 ಎಂದು ಬರೆದು ಅರ್ಧ ಮಾಡುತ್ತ ಹೋಗಿ. 50, 25, 12, 6, 3. ಐದು ಅರ್ಧಾಯು ಕಳೆದರೆ ನೂರರಲ್ಲಿ ಮೂರು ಉಳಿಯುತ್ತದೆ. ಬೆಂಜೋಯಿಕ್ ಆಮ್ಲಕ್ಕೆ ಧಾರಾಳವಾಗಿ ನಾಲ್ಕು ಗಂಟೆಯ ಅರ್ಧಾಯು ಕೊಟ್ಟರೂ ಇಪ್ಪತ್ತು ಗಂಟೆಯಲ್ಲಿ ಕೆಲಸ ಮುಗಿಯಿತು, ಇಂದಿನ ಮಲ್ಲಿಗೆ ನಾಳೆಗಿಲ್ಲ. ಮಸ್ಕ್ ಝೈಲೀನಿಗೆ ಐದು ಸಲ ಎಪ್ಪತ್ತು, ಹತ್ತಿರ ಹತ್ತಿರ ಒಂದು ವರ್ಷ. ಪ್ರತಿದಿನ ಹಚ್ಚಿದರೆ ನಿನ್ನೆಯದರ ಮೇಲೆ ಇಂದಿನದು ಕೂಡುತ್ತ ಹೋಗುತ್ತದೆ. 1990ರ ದಶಕದಲ್ಲಿ ಜರ್ಮನಿಯಲ್ಲಿ ಎದೆಹಾಲನ್ನು ಪರೀಕ್ಷಿಸಿದಾಗ ಈ ಬಗೆಯ ಕಸ್ತೂರಿಗಳು ಸಿಕ್ಕವು. ಹಾಲಿನಲ್ಲಿ ಕೊಬ್ಬಿದೆ, ಕೊಬ್ಬಿಗೆ ಒಲಿದದ್ದು ಅಲ್ಲಿಗೂ ಹೋಗುತ್ತದೆ. ಮಸ್ಕ್ ಝೈಲೀನನ್ನು ಯುರೋಪಿನ ಒಕ್ಕೂಟ 2014ರಿಂದ ಅನುಮತಿಯಿಲ್ಲದೆ ಬಳಸದಂತೆ ಕಟ್ಟುಹಾಕಿತು. ಈಗಿನ ಸೀಸೆಗಳಲ್ಲಿ ಹೆಚ್ಚಾಗಿ ಇರುವುದು ಬೇರೆ ಕುಲದ ಕಸ್ತೂರಿಗಳು, ಗ್ಯಾಲಕ್ಸೊಲೈಡ್ ಅವುಗಳಲ್ಲೊಂದು. ಅದೂ ಎದೆಹಾಲಿನಲ್ಲಿ ಸಿಕ್ಕಿದೆ. ಸಿಕ್ಕಿತು ಎಂದ ಮಾತ್ರಕ್ಕೆ ಮಗುವಿಗೆ ಕೇಡಾಯಿತು ಎಂದಲ್ಲ. ಆದರೆ ಎಂಡೋಸಲ್ಫಾನ್ ಕಂಡ ಊರಿನಲ್ಲಿ ಕೂತು, ಬರೀ ಪರಿಮಳಕ್ಕಾಗಿ, ಕೊಬ್ಬಿನಲ್ಲಿ ಕೂಡುವ ವಸ್ತುವನ್ನು ದಿನಾ ಹಚ್ಚಿಕೋ ಎಂದು ಬಸುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಹುಟ್ಟುವ ಮಗುವಿನ ಲೆಕ್ಕವನ್ನು ಬೇರೆಯೇ ಪುಟದಲ್ಲಿ ಮಾಡಬೇಕು. ಮಗು ಎಂದರೆ ಸಣ್ಣ ಅಳತೆಯ ದೊಡ್ಡವರಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳು ಏದುಸಿರು ಬಿಡುತ್ತ ಸತ್ತವು. ಅವುಗಳ ರಕ್ತನಾಳಕ್ಕೆ ಹಾಕಿದ್ದ ನಳಿಕೆ ತೊಳೆಯಲು ಬಳಸಿದ ಲವಣದ್ರಾವಣ ಕೆಡದಿರಲೆಂದು ಬೆಂಜೈಲ್ ಆಲ್ಕೋಹಾಲ್ ಹಾಕಲಾಗಿತ್ತು. ನಮ್ಮ ಮಲ್ಲಿಗೆಯ ದಾರಿಯಲ್ಲಿ ಸಿಕ್ಕಿದ ಅದೇ ವಸ್ತು. ಬೆಂಜೋಯಿಕ್ ಆಮ್ಲದವರೆಗೆ ಆ ಶಿಶುಗಳ ಮೈ ಸಾಗಿಸಿತು, ಗ್ಲೈಸೀನ್ ಅಂಟಿಸುವ ಕೆಲಸ ಇನ್ನೂ ಬಲಿತಿರಲಿಲ್ಲ. ಆಮ್ಲ ರಕ್ತದಲ್ಲಿ ತುಂಬಿತು. 1982ರಲ್ಲಿ ಅಲ್ಲಿನ ಔಷಧ ಇಲಾಖೆ ನವಜಾತರಿಗೆ ಅದನ್ನು ಬಳಸದಂತೆ ಎಚ್ಚರಿಸಿತು. ಅಲ್ಲಿ ಹೋದ ಪ್ರಮಾಣ ದಿನಕ್ಕೆ ಪ್ರತಿ ಕಿಲೋಗೆ ಸುಮಾರು 100ರಿಂದ 230 ಮಿಲಿಗ್ರಾಂ, ಅದೂ ನೇರ ರಕ್ತಕ್ಕೆ. ತಾಯಿಯ ಸೆರಗಿನ ಹನಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೂ ಮಗುವಿನ ಮೈಗೆ ನೇರವಾಗಿ ಸುಗಂಧದ ಎಣ್ಣೆ, ಪೌಡರು ಬೇಡ ಎಂದು ನಾವಿಬ್ಬರೂ ಒಪ್ಪಿದೆವು. ಬೆಕ್ಕು ಸಾಕಿದವರಿಗೂ ಒಂದು ಮಾತು: ಗ್ಲೂಕುರೋನಿಕ್ ಅಂಟಿಸುವ ಕೆಲಸದಲ್ಲಿ ಬೆಕ್ಕು ಹಿಂದೆ, ಬೆಂಜೋಯಿಕ್ ಆಮ್ಲವನ್ನೂ ಅದು ನಮ್ಮಷ್ಟು ತಾಳುವುದಿಲ್ಲ. ಅದರ ಮೈಗೆ ಅತ್ತರು ಪೂಸುವ ತಮಾಷೆ ಮಾಡಬೇಡಿ.

ಪ್ರಾಣಿಗಳ ಮೇಲಿನ ವರದಿ ಓದುವಾಗ ಇದೇ ಎಚ್ಚರ ತಿರುಗುಮುರುಗಾಗಿ ಬೇಕು. ಪಟ್ಟಿಯಲ್ಲಿದ್ದ ಕೌಮರಿನ್ ಇಲಿಗಳ ಯಕೃತ್ತನ್ನು ಕೆಡಿಸುತ್ತದೆ, ಏಕೆಂದರೆ ಇಲಿಯ ಯಕೃತ್ತು ಅದನ್ನು ಅಪಾಯದ ಕವಲಿಗೆ ತಿರುಗಿಸುತ್ತದೆ. ಮನುಷ್ಯರಲ್ಲಿ ಸಿಪ್ 2ಎ6 ಎಂಬ ಕಿಣ್ವ ಹೆಚ್ಚಿನದನ್ನು ಬೇರೆ ಕವಲಿನಲ್ಲಿ, ನಿರುಪದ್ರವಿಯಾಗಿ ಸಾಗಿಸುತ್ತದೆ. ಆ ಕಿಣ್ವ ದುರ್ಬಲವಾಗಿರುವ ಮನುಷ್ಯರೂ ಇದ್ದಾರೆ ಎಂಬುದನ್ನು ಮಾತ್ರ ಮರೆಯಬಾರದು.

ಲಿನಲೂಲ್‌ಗೆ ಈ ನೋಟ್‌ಬುಕ್ಕಿನ ಲೆಕ್ಕ ಹೊಂದುವುದೇ ಇಲ್ಲ. ಅದು ಗಾಳಿಗೆ ತೆರೆದಿದ್ದು ಹಳತಾದರೆ ಹೈಡ್ರೋಪೆರಾಕ್ಸೈಡುಗಳಾಗಿ, ಚರ್ಮದ ಪ್ರೋಟೀನಿಗೆ ಅಂಟಿ ಅಲರ್ಜಿ ಹುಟ್ಟಿಸಬಹುದು. ಎಷ್ಟು ಬೇಗ ಮೂತ್ರದಲ್ಲಿ ಹೋಯಿತು ಎಂದು ಕೇಳಿ ಪ್ರಯೋಜನವಿಲ್ಲ. ಬಿರಡೆ ಬಿಗಿಯಾಗಿಡಿ, ವರ್ಷಗಟ್ಟಲೆ ಹಳೆಯದನ್ನು ಎಸೆಯಿರಿ, ಅಷ್ಟೇ.

ನಮ್ಮಮ್ಮ ಇದ್ದಿದ್ದರೆ ಇಷ್ಟೆಲ್ಲ ಕೇಳಿ, "ಬಾಣಂತಿಗೆ ಮಲ್ಲಿಗೆ ಬೇಡ, ಹಾಲು ಬತ್ತುತ್ತದೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅದನ್ನು ನಾನು ಬಹುಕಾಲ ಅಜ್ಜಿಕತೆಯ ಸಾಲಿಗೆ ಸೇರಿಸಿದ್ದೆ. 1988ರಲ್ಲಿ ವೆಲ್ಲೂರಿನ ವೈದ್ಯರು ಹಾಲು ನಿಲ್ಲಿಸಬೇಕಾಗಿದ್ದ ಬಾಣಂತಿಯರ ಎದೆಗೆ ಮಲ್ಲಿಗೆ ಹೂ ಕಟ್ಟಿಸಿ, ಹಾಲು ನಿಲ್ಲಿಸುವ ಬ್ರೋಮೊಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿ, ಹೂವಿನಿಂದಲೂ ಹಾಲು ಕಡಿಮೆಯಾಯಿತೆಂದು ಬರೆದದ್ದು ಓದಿದ ಮೇಲೆ ಆ ಸಾಲಿನಿಂದ ಹೊರತೆಗೆದೆ. ಅದು ಎದೆಗೆ ಹೂ ಕಟ್ಟಿದ ಮಾತು, ಜಡೆಗೆ ಮುಡಿದದ್ದಲ್ಲ. ಹಾಗಾಗಿ ಸೊಸೆ ಹೆರಿಗೆಯಾದ ಮೇಲೂ ಹಬ್ಬಕ್ಕೊಂದು ತುಂಡು ಮುಡಿಯುತ್ತಾಳೆ. ಮಗು ಅದನ್ನು ಎಳೆದು ಬಾಯಿಗಿಡಲು ನೋಡುತ್ತದೆ.

ಸೀಸೆಯ ಮೇಲೆ ಬರೀ 'ಪರ್ಫ್ಯೂಮ್' ಎಂದಿದ್ದರೆ ಕೊನೆಯ ದಾರಿ ತಯಾರಕರಿಗೆ ಬರೆಯುವುದು. ಸುರಕ್ಷತಾ ದತ್ತಾಂಶ ಪತ್ರ (ಸೇಫ್ಟಿ ಡೇಟಾ ಶೀಟ್) ಕೊಡಿ ಎಂದು ಕೇಳಿ. ಕೊಟ್ಟರೆ ಅದರ ಮೂರನೆಯ ವಿಭಾಗದಲ್ಲಿ ಹೆಸರುಗಳೂ ಕ್ಯಾಸ್ ಸಂಖ್ಯೆಗಳೂ ಇರುತ್ತವೆ, ಹನ್ನೊಂದು ಮತ್ತು ಹನ್ನೆರಡನೆಯ ವಿಭಾಗಗಳಲ್ಲಿ ವಿಷಗುಣ, ಮೈಯಲ್ಲೂ ಪರಿಸರದಲ್ಲೂ ಕೂಡುವ ಗುಣ. ಮಲ್ಲಿಗೆಯ ಕಾಂಪೌಂಡಿನದ್ದನ್ನು ನನ್ನ ವಿದ್ಯಾರ್ಥಿ ಸಗಟು ಮಾರಾಟಗಾರನಿಂದ ಎರಡೇ ದಿನದಲ್ಲಿ ತರಿಸಿಕೊಟ್ಟ. ಬಿಳಿ ಕಸ್ತೂರಿಯವರಿಗೆ ಮೂರು ಸಲ ಬರೆದೆವು. ಒಮ್ಮೆ ಉತ್ತರ ಬಂತು, ನಮ್ಮ ಒಲವಿಗೆ ಧನ್ಯವಾದ ಹೇಳಿ ಹೊಸ ಪರಿಮಳವೊಂದರ ಜಾಹೀರಾತು ಲಗತ್ತಿಸಿದ್ದರು.

ಆ ಸೀಸೆ ಇನ್ನೂ ಸೀರೆಗಳ ಹಿಂದೆಯೇ ಇದೆ. ಶುಕ್ರವಾರ ಮಗ ಕರೆ ಮಾಡಿ "ಸೆಂಟು ಹೇಗಿದೆ?" ಎಂದು ಕೇಳಿದರೆ ಸೊಸೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಾಳೆ.